ವೀರೇಂದ್ರ ಪಾಟೀಲ

ವೀರೇಂದ್ರ ಪಾಟೀಲ (1924–1997): ಎರಡು ಬಾರಿ (1968–71, 1989–90) ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಕಾರಣಿ. ಹುಟ್ಟೂರು ಕಲಬುರಗಿ ಜಿಲ್ಲೆಯ ಚಿಂಚೋಳಿ, ಆಗ ನಿಜಾಮರ ಸೀಮೆ. ವೃತ್ತಿಯಿಂದ ವಕೀಲರು. ಹೈದರಾಬಾದ್ ಕರ್ನಾಟಕದಿಂದ ಬಂದ ಮೊದಲ ಮುಖ್ಯಮಂತ್ರಿ ಇವರೇ. ಆ ಭಾಗಕ್ಕೆ ಪದವಿ ಮತ್ತೊಮ್ಮೆ ದಕ್ಕಿದ್ದು 2004ರಲ್ಲಿ, ಜೇವರ್ಗಿಯ ಧರ್ಮಸಿಂಗ್ ಅವರ ಮೂಲಕ.

ಎಸ್. ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾಗಿ ದೆಹಲಿಗೆ ತೆರಳಿದಾಗ, 1968ರ ಮೇ ತಿಂಗಳಲ್ಲಿ ಪಾಟೀಲರು ಅವರ ಸ್ಥಾನಕ್ಕೆ ಬಂದರು. 1969ರಲ್ಲಿ ಪಕ್ಷ ಒಡೆದಾಗ ನಿಜಲಿಂಗಪ್ಪನವರ ಬಣದಲ್ಲೇ ಉಳಿದರು. 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಬಣ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಗೆದ್ದುಕೊಂಡಿತು. ಶಾಸಕರು ಪಕ್ಷ ಬಿಟ್ಟು ಹೋಗಿ ಸರ್ಕಾರ ಬಿತ್ತು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಉಪಚುನಾವಣೆಗೆ ಜನತಾ ಪಕ್ಷದಿಂದ ನಿಂತು, ಇಂದಿರಾ ಗಾಂಧಿಯವರ ಎದುರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಎರಡು ವರ್ಷ ಕಳೆಯುವ ಮೊದಲೇ ಅದೇ ಇಂದಿರಾ ಅವರ ಪಕ್ಷದಿಂದ ಬಾಗಲಕೋಟೆಯ ಸಂಸದರಾಗಿ, ಅವರದೇ ಸಂಪುಟದಲ್ಲಿ ಸಚಿವರೂ ಆದರು.

1989ರ ವಿಧಾನಸಭಾ ಚುನಾವಣೆಯಲ್ಲಿ ಪಾಟೀಲರ ನೇತೃತ್ವದ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಪಡೆಯಿತು. ಹನ್ನೊಂದು ತಿಂಗಳು ತುಂಬುವುದರೊಳಗೆ ಅವರು ಅಧಿಕಾರ ಕಳೆದುಕೊಂಡರು. ಬರವಣಿಗೆಗಳಲ್ಲಿ ಹೆಚ್ಚು ಗೊಂದಲವಿರುವುದು ಈ ಘಟ್ಟದ ಬಗ್ಗೆಯೇ. ‘ಪ್ರಧಾನಿ ರಾಜೀವ್ ಗಾಂಧಿ ವಿಮಾನ ನಿಲ್ದಾಣದಲ್ಲಿ ನಿಂತು ವಜಾ ಮಾಡಿದರು’ ಎಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. 1990ರ ಅಕ್ಟೋಬರ್‌ನಲ್ಲಿ ರಾಜೀವ್ ಪ್ರಧಾನಿಯಾಗಿರಲಿಲ್ಲ, ಕಾಂಗ್ರೆಸ್ ಅಧ್ಯಕ್ಷರಾಗಿದ್ದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅವರು ಹೇಳಿದ್ದು ನಾಯಕತ್ವ ಬದಲಾವಣೆಯ ಸಂಗತಿ. ಅಕ್ಟೋಬರ್ 10ರಂದು ರಾಜ್ಯಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂದಾಗ ಕೇಂದ್ರದಲ್ಲಿದ್ದದ್ದು ವಿ.ಪಿ. ಸಿಂಗ್ ಅವರ ರಾಷ್ಟ್ರೀಯ ರಂಗದ ಸರ್ಕಾರ. ಒಂದು ವಾರದ ನಂತರ, 17ರಂದು, ಎಸ್. ಬಂಗಾರಪ್ಪ ಪ್ರಮಾಣವಚನ ಸ್ವೀಕರಿಸಿದರು.

ಪದಚ್ಯುತಿಗೆ ಕಾರಣವೇನೆಂಬ ಪ್ರಶ್ನೆಗೂ ಒಂದೇ ಉತ್ತರವಿಲ್ಲ. ರಾಮನಗರ, ಚನ್ನಪಟ್ಟಣ, ದಾವಣಗೆರೆಗಳಲ್ಲಿ ಆಗಷ್ಟೇ ಕೋಮುಗಲಭೆ ನಡೆದಿತ್ತು. ಪಾರ್ಶ್ವವಾಯುವಿನಿಂದ ಪಾಟೀಲರು ಹಾಸಿಗೆ ಹಿಡಿದಿದ್ದರು. ತೆರಿಗೆ ತಪ್ಪಿಸಿ ಮಾರುತ್ತಿದ್ದ ‘ಸೆಕೆಂಡ್ಸ್’ ಮದ್ಯಕ್ಕೆ ಕಡಿವಾಣ ಹಾಕಿದ್ದರಿಂದ ಮದ್ಯದ ದೊರೆಗಳು ತಿರುಗಿಬಿದ್ದರೆಂಬುದು ಅವರ ಬೆಂಬಲಿಗರ ವಾದ. ಪಕ್ಷದೊಳಗಿನ ಭಿನ್ನಮತವನ್ನಂತೂ ಯಾರೂ ಅಲ್ಲಗಳೆಯುವುದಿಲ್ಲ.

ಪಾಟೀಲರು ಸೇರಿದ್ದ ಲಿಂಗಾಯತ ಸಮುದಾಯದ ಮತದಾರರು ಕಾಂಗ್ರೆಸ್ ತೊರೆದು ಬಿಜೆಪಿ ಸೇರಲು ಈ ಪದಚ್ಯುತಿಯೇ ಕಾರಣವೆಂಬ ವಿವರಣೆ ಹೆಚ್ಚು ಪ್ರಚಲಿತ. ಅಂಕಿಗಳು ಅದನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಘಟನೆಯ ಮರುವರ್ಷವೇ ನಡೆದ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 28ರಲ್ಲಿ 23 ಸ್ಥಾನ ಗೆದ್ದಿತು. ಪ್ರಚಾರದ ನಡುವೆಯೇ ರಾಜೀವ್ ಹತ್ಯೆಯಾದದ್ದರಿಂದ ಆ ಫಲಿತಾಂಶವನ್ನು ಎಷ್ಟರಮಟ್ಟಿಗೆ ನೆಚ್ಚಬಹುದು ಎಂಬುದು ಬೇರೆ ಮಾತು. 1994ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 34ಕ್ಕೆ ಕುಸಿದಾಗ ಗದ್ದುಗೆ ಹಿಡಿದದ್ದು 115 ಸ್ಥಾನಗಳ ಜನತಾದಳ. ಬಿಜೆಪಿ 4ರಿಂದ 40ಕ್ಕೇರಿತು. ಕಾಂಗ್ರೆಸ್ ಕಳೆದುಕೊಂಡದ್ದರಲ್ಲಿ ದೊಡ್ಡ ಪಾಲು ಮೊದಲು ಜನತಾದಳದ ಮಡಿಲಿಗೆ ಬಿತ್ತು. ಬಿಜೆಪಿಗೆ ಅಧಿಕಾರ ಹತ್ತಿರವಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. 1990ರ ಘಟನೆ ಕಾರಣಗಳಲ್ಲಿ ಒಂದು ಎನ್ನಬಹುದೇ ಹೊರತು ಅದೊಂದೇ ಎನ್ನಲಾಗದು.

ಚಿಂಚೋಳಿಯ ಫಲಿತಾಂಶಗಳೂ ಈ ಚರ್ಚೆಗೆ ಹೆಚ್ಚು ನೆರವಾಗವು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಅದು ಪರಿಶಿಷ್ಟ ಜಾತಿಗೆ ಮೀಸಲಾಯಿತು. 2023ರ ಪ್ರಚಾರದಲ್ಲೂ ಬಿಜೆಪಿ ನಾಯಕರು ಪಾಟೀಲರಿಗಾದ ಅವಮಾನದ ಪ್ರಸ್ತಾಪ ಎತ್ತಿದರು. ಆಗ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾಗಿದ್ದವರು ಮಲ್ಲಿಕಾರ್ಜುನ ಖರ್ಗೆ. ಆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ 135 ಸ್ಥಾನ ಬಂದವು.