ಸೈಕಲ್ ಅಂಗಡಿಯಿಂದ ಕಬ್ಬಿಣದ ನೇಗಿಲಿಗೆ

ಎಂಜಿನಿಯರ್ ಎಂದೊಡನೆ ನಮಗೆ ನೆನಪಾಗುವುದು ಅಣೆಕಟ್ಟು, ಸೇತುವೆ, ರಸ್ತೆಗಳನ್ನು ಕಟ್ಟಿದವರು. ವಿಶ್ವೇಶ್ವರಯ್ಯನವರ ನಾಡಿನಲ್ಲಿ ಇದು ಸಹಜವೇ ಸರಿ. ಆದರೆ ಎಂಜಿನಿಯರಿಂಗಿಗೆ ಇನ್ನೊಂದು ಮುಖವಿದೆ. ಹೊಸ ವಸ್ತುವೊಂದನ್ನು ರೂಪಿಸುವುದು, ಅದನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಂದೇ ತೆರನಾಗಿ ತಯಾರಿಸುವುದು, ಕೊಂಡವನ ಕೈಯಲ್ಲಿ ಅದು ಬಾಳಿಕೆ ಬರುವಂತೆ ನೋಡಿಕೊಳ್ಳುವುದು. ಬೆಳಗಾವಿಯಲ್ಲಿ, ಉತ್ತರದ ರಾಮತೀರ್ಥ ನಗರದಿಂದ ದಕ್ಷಿಣದ ಉದ್ಯಮಬಾಗದವರೆಗೆ, ಈ ಕೆಲಸವನ್ನೇ ನಂಬಿ ಬದುಕುವ ಮನೆಗಳಿಗೆ ಕೊರತೆಯಿಲ್ಲ. ಈ ವೃತ್ತಿ ಈ ಊರಿಗೆ ಹೊಸದೂ ಅಲ್ಲ. ಅದರ ಮೊದಲ ಅಧ್ಯಾಯಗಳಲ್ಲೊಂದು ಇಲ್ಲಿಯೇ, ಒಂದು ಸೈಕಲ್ ಅಂಗಡಿಯಲ್ಲಿ ಆರಂಭವಾಯಿತು. ಇಂದಿನ ಕಿರ್ಲೋಸ್ಕರ್ ರಸ್ತೆಯ ಹೆಸರು ಅದರ ಗುರುತಾಗಿ ಉಳಿದಿದೆ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ರಂಗಭೂಮಿಯ ಆದ್ಯರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರೂ ಅದೇ. ಕನ್ನಡ ನೆಲದ ಈ ಹಳ್ಳಿಯ ಒಂದೇ ಮನೆತನ ಒಬ್ಬ ನಾಟಕಕಾರನನ್ನೂ ಒಬ್ಬ ಯಂತ್ರಶಿಲ್ಪಿಯನ್ನೂ ಕೊಟ್ಟಿತು. ಲಕ್ಷ್ಮಣರಾಯರಿಗೆ ಶಾಲೆಯ ಪಾಠಕ್ಕಿಂತ ಚಿತ್ರ ಬರೆಯುವುದರಲ್ಲಿ, ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿ ಒಲವು. 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಎದುರಾದದ್ದು ಅನಿರೀಕ್ಷಿತ ಅಡ್ಡಿ. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ವರ್ಣಚಿತ್ರವನ್ನು ಕೈಬಿಟ್ಟು ಬಣ್ಣದ ಹಂಗಿಲ್ಲದ ಯಂತ್ರಗಳ ರೇಖಾಚಿತ್ರವನ್ನು ಕಲಿತರು. ಮುಂದೆ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು.

1888ರಲ್ಲಿ ಅಣ್ಣ ರಾಮಣ್ಣನವರ ಜೊತೆ ಸೇರಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ತೆರೆದರು. ತಮ್ಮ ಮುಂಬಯಿಯಲ್ಲಿ ಸೈಕಲ್ ಕೊಂಡು ಕಳಿಸುವುದು, ಅಣ್ಣ ಇಲ್ಲಿ ಮಾರಿ, ಸವಾರಿಯನ್ನೂ ಕಲಿಸುವುದು. ಅಂದಿಗೆ ಸೈಕಲ್ ಎಂಬುದು ಅಚ್ಚರಿಯ ವಸ್ತು. ಸಮಗಾತ್ರದ ಎರಡು ಗಾಲಿ, ಹಿಂದಿನ ಗಾಲಿಗೆ ಸರಪಳಿ ಇರುವ ಸುರಕ್ಷಿತ ಸೈಕಲ್ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದು ಮೂರು ವರ್ಷವಷ್ಟೇ ಆಗಿತ್ತು. ಕೆಲಕಾಲದ ನಂತರ, ಬಡ್ತಿ ತನಗೆ ಸಲ್ಲದೆ ಒಬ್ಬ ಆಂಗ್ಲೋ ಇಂಡಿಯನ್ನನ ಪಾಲಾದಾಗ, ಲಕ್ಷ್ಮಣರಾಯರು ಮುಂಬಯಿಯ ನೌಕರಿಗೆ ಶರಣು ಹೊಡೆದು ಬೆಳಗಾವಿಗೆ ಬಂದರು. ಪರರು ಮಾಡಿದ್ದನ್ನು ಮಾರುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಸಣ್ಣ ಕಾರ್ಖಾನೆ ಹೂಡಿ ಮೊದಲು ಮೇವು ಕತ್ತರಿಸುವ ಯಂತ್ರವನ್ನು, ಆಮೇಲೆ ಕಬ್ಬಿಣದ ನೇಗಿಲನ್ನು ಮಾಡಿದರು.

ನೇಗಿಲು ತಯಾರಾಯಿತು, ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುತ್ತದೆ ಎಂಬುದು ರೈತರ ಭಯ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಇದನ್ನು ಹಳ್ಳಿಗರ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಇದೇ ಭಯ ಅಮೆರಿಕದ ರೈತರಲ್ಲೂ ಇತ್ತು. ನ್ಯೂಜೆರ್ಸಿಯ ಚಾರ್ಲ್ಸ್ ನ್ಯೂಬೋಲ್ಡ್ 1797ರಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಪೇಟೆಂಟ್ ಪಡೆದಾಗ, ಅದು ಮಣ್ಣನ್ನು ಕೆಡಿಸುತ್ತದೆಂದು ಅಲ್ಲಿನವರೂ ದೂರವಿಟ್ಟರು. ಅಷ್ಟೇ ಅಲ್ಲ, ಆ ನೇಗಿಲು ಒಂದೇ ಎರಕದ್ದಾಗಿತ್ತು. ಒಂದು ಕಡೆ ಮುರಿದರೆ ಇಡೀ ನೇಗಿಲೇ ಹೋದಂತೆ. ಮುಂದೆ ಜೆತ್ರೊ ವುಡ್ ಎಂಬಾತ 1819ರಲ್ಲಿ ಬಿಡಿಭಾಗಗಳನ್ನು ಬದಲಿಸಬಹುದಾದ ನೇಗಿಲನ್ನು ರೂಪಿಸಿದ. ಕಬ್ಬಿಣದ ನೇಗಿಲು ಹರಡಿದ್ದು ಆ ಬಳಿಕ.

ನಮ್ಮ ರೈತನ ಅನುಮಾನಕ್ಕೂ ಇಂಥ ಲೆಕ್ಕಾಚಾರದ ತಳಹದಿ ಇತ್ತೆಂದು ತಿಳಿಯಬೇಕು. ಮರದ ರಂಟೆಯನ್ನು ಊರ ಬಡಿಗನೇ ಮಾಡುತ್ತಿದ್ದ, ಅದರ ಗುಳವನ್ನು ಕಮ್ಮಾರನೇ ಹರಿತ ಮಾಡುತ್ತಿದ್ದ. ಇಬ್ಬರಿಗೂ ಸುಗ್ಗಿಯಲ್ಲಿ ಆಯದ ಕಾಳು ಕೊಟ್ಟರೆ ಮುಗಿಯಿತು. ಕಾರ್ಖಾನೆಯ ನೇಗಿಲಿಗೆ ರೊಕ್ಕ ಎಣಿಸಬೇಕು. ಮುರಿದರೆ ಊರಲ್ಲಿ ರಿಪೇರಿ ಮಾಡುವವರಿಲ್ಲ. ಎಳೆಯಲು ಹೆಚ್ಚು ಎತ್ತು ಬೇಕು. ಇಷ್ಟೆಲ್ಲ ಇದ್ದರೂ ಅದು ಮಾಡುವ ಕೆಲಸ ಮರದ ರಂಟೆಯಿಂದ ಆಗುವಂಥದಲ್ಲ. ರಂಟೆ ನೆಲವನ್ನು ಗೀರುತ್ತದೆ. ಬಾಗಿದ ರೆಕ್ಕೆಯಿರುವ ಕಬ್ಬಿಣದ ನೇಗಿಲು ಮಣ್ಣನ್ನು ಆಳದಿಂದ ಎತ್ತಿ ಮಗುಚಿ ಹಾಕುತ್ತದೆ. ಎರೆ ಭೂಮಿಯಲ್ಲಿ ಬೇರು ಬಿಟ್ಟ ಕರಿಕೆಯನ್ನು ಕಿತ್ತ ರೈತನಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಿಲ್ಲ.

ಹೊಸ ಉತ್ಪನ್ನವನ್ನು ರೂಪಿಸುವವನಿಗೆ ಪರೀಕ್ಷೆಯ ಕೋಣೆ ಕಾರ್ಖಾನೆಯಲ್ಲ, ಹೊಲ. ಎರಕದ ಗುಳವನ್ನೇ ನೋಡಿ. ಕರಗಿದ ಕಬ್ಬಿಣ ನಿಧಾನವಾಗಿ ಆರಿದರೆ ಮೆತುವಾಗಿ, ಬೇಗ ಸವೆಯುತ್ತದೆ. ಅಚ್ಚಿನಲ್ಲಿ ಲೋಹದ ತುಂಡನ್ನಿಟ್ಟು ಬೇಗನೆ ಆರಿಸಿದರೆ ಮೈ ಗಟ್ಟಿಯಾಗುತ್ತದೆ. ಆದರೆ ಅದು ಮಿತಿಮೀರಿದರೆ ಕಲ್ಲಿಗೆ ಬಡಿದೊಡನೆ ಚಟ್ಟನೆ ಒಡೆಯುತ್ತದೆ. ಅತಿ ಮೆದುವೂ ಅಲ್ಲದ ಅತಿ ಬಿರುಸೂ ಅಲ್ಲದ ಹದವನ್ನು ಪುಸ್ತಕ ಓದಿ ಹಿಡಿಯಲಾಗದು. ಒಡೆದ ಗುಳವನ್ನು ಹಿಡಿದು ಬಂದ ರೈತನ ಮಾತು ಕೇಳಿ ಹಿಡಿಯಬೇಕು. ಒಂದು ನೇಗಿಲನ್ನು ಹದಕ್ಕೆ ತರುವುದು ಒಂದು ವಿದ್ಯೆ. ಅದೇ ಹದವನ್ನು ಸಾವಿರದ ನೇಗಿಲಲ್ಲೂ ಕೊಡುವುದು ಬೇರೆಯದೇ ವಿದ್ಯೆ. ಮೊದಲನೆಯದಕ್ಕೆ ಕುಶಲ ಕೈ ಸಾಕು. ಎರಡನೆಯದಕ್ಕೆ ಜನ, ಜಾಗ, ಕಚ್ಚಾಮಾಲು, ಹಣ, ಹೊತ್ತು, ಎಲ್ಲವನ್ನೂ ಹೊಂದಿಸುವ ವ್ಯವಸ್ಥೆ ಬೇಕು. ಲಕ್ಷ್ಮಣರಾಯರು ಮೊದಲ ವಿದ್ಯೆಯನ್ನು ಕಲಿತದ್ದು ಬೆಳಗಾವಿಯಲ್ಲಿ. ಎರಡನೆಯದನ್ನು ಸಾಧಿಸಲು ಊರನ್ನು ಬಿಡಬೇಕಾಯಿತು.

ಬಿಡುವಂತೆ ಮಾಡಿದ್ದು ಊರೇ. ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿಯ ನಗರಸಭೆ ಸೂಚಿಸಿತು. ಆ ಹೊತ್ತಿಗೆ ನೆರವಿಗೆ ಬಂದವರು ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಸ್ವತಃ ಚಿತ್ರಕಾರರಾಗಿದ್ದ ಆ ರಾಜ, ಚಿತ್ರಗಾರನಾಗಲು ಹೊರಟು ಯಂತ್ರಶಿಲ್ಪಿಯಾದ ಈ ಮನುಷ್ಯನಿಗೆ ಹತ್ತು ಸಾವಿರ ರೂಪಾಯಿ ಸಾಲವನ್ನು ಬಡ್ಡಿಯಿಲ್ಲದೆ ಕೊಟ್ಟರು. ತಮ್ಮ ಸೀಮೆಯಲ್ಲಿ ಬೇಕಾದ ಜಾಗ ಆರಿಸಿಕೊಳ್ಳಿ ಎಂದರು. ರೈಲು ಮಾರ್ಗದಲ್ಲಿದ್ದ ಕುಂಡಲ್ ರೋಡ್ ಎಂಬ ಸಣ್ಣ ನಿಲ್ದಾಣದ ಪಕ್ಕದ 32 ಎಕರೆ ಆಯ್ಕೆಯಾಯಿತು. ಪಾಪಾಸುಕಳ್ಳಿ ಬೆಳೆದು ನಾಗರಹಾವು ಹರಿದಾಡುತ್ತಿದ್ದ ಬರಡು ನೆಲ. 1910ರಲ್ಲಿ 25 ಮಂದಿ ಕೆಲಸಗಾರರು ಸಂಸಾರ ಸಮೇತ ಅಲ್ಲಿಗೆ ಹೋದರು. ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಹುಟ್ಟಿದ್ದು ಹೀಗೆ.

ಈ ಕಥೆಯಲ್ಲಿ ನಮ್ಮ ಗಮನಕ್ಕೆ ಬರಬೇಕಾದದ್ದು ಆ ಜಾಗವನ್ನು ಆರಿಸಿದ ಬಗೆ. ಹಸನಾದ ನೆಲಕ್ಕಿಂತ ರೈಲು ನಿಲ್ದಾಣ ಅವರಿಗೆ ಮುಖ್ಯವಾಗಿ ಕಂಡಿತು. ಬೀಡುಕಬ್ಬಿಣವೂ ಕೋಕೂ ದೂರದಿಂದ ಬರಬೇಕು. ತಯಾರಾದ ನೇಗಿಲು ದೂರಕ್ಕೆ ಹೋಗಬೇಕು. ಜೊತೆಗೆ ಕೆಲಸಗಾರ ಅಲ್ಲಿಯೇ ನೆಲೆಸಬೇಕು. ಹಾಗಾಗಿ ಕುಲುಮೆಯೊಡನೆ ಮನೆಗಳೂ ಎದ್ದವು. ಅಣ್ಣ ರಾಮಣ್ಣ ಊರಿನ ವ್ಯವಸ್ಥೆಯ ಹೊಣೆ ಹೊತ್ತರು. ಜಾತಿಭೇದಕ್ಕೆ ಆ ವಾಡಿಯಲ್ಲಿ ಎಡೆಯಿರಲಿಲ್ಲ. ಶಿಕ್ಷೆ ಅನುಭವಿಸಿ ಬಂದವರನ್ನೇ ರಾತ್ರಿ ಕಾವಲಿಗೆ ನಂಬಿದರು. ಉತ್ಪಾದನೆಯ ನಿರ್ವಹಣೆ ಎಂದು ಇಂದು ಕಾಲೇಜುಗಳಲ್ಲಿ ಕಲಿಸುವ ಶಾಸ್ತ್ರಕ್ಕೆ ಆಗ ನಮ್ಮಲ್ಲಿ ಹೆಸರೇ ಇರಲಿಲ್ಲ. ಆದರೆ ಕೆಲಸ ನಡೆದಿತ್ತು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು ಒಂದೊಂದಾಗಿ ಹೊರಬಂದವು. ಎಲ್ಲವೂ ಸುತ್ತಲಿನ ಒಕ್ಕಲುತನದ ಅಗತ್ಯದಿಂದ ಹುಟ್ಟಿದವು. 1920ರಲ್ಲಿ ಅಣ್ಣತಮ್ಮಂದಿರ ಅಂಗಡಿ ಲಿಮಿಟೆಡ್ ಕಂಪನಿಯಾಯಿತು.

ಮುಂದಿನ ತಲೆಮಾರಿನಲ್ಲಿ ವೃತ್ತಿಗೆ ಪದವಿಯ ಮುದ್ರೆಯೂ ಬಿತ್ತು. ಲಕ್ಷ್ಮಣರಾಯರ ಹಿರಿಯ ಮಗ ಶಂತನುರಾವ್ ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1926ರಲ್ಲಿ ಪದವಿ ಪಡೆದರು. ತಂದೆಗೆ ಅಂಥ ಪದವಿ ಇರಲಿಲ್ಲ. ಬೆಳಗಾವಿ ಕಳೆದುಕೊಂಡ ಉದ್ಯಮ ಬೇರೊಂದು ದಾರಿಯಿಂದ ಕನ್ನಡ ನಾಡಿಗೆ ಮರಳಿಯೂ ಬಂದಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ಯಂತ್ರಗಳನ್ನು ಮಾಡುವ ಯಂತ್ರ ಅದು. ನೇಗಿಲು ಮಾಡಿದವರು ತುಳಿಯಬೇಕಾದ ಮುಂದಿನ ಮೆಟ್ಟಿಲು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಯಾಯಿತು. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು. ಹರಿಹರದ ಕಾರ್ಖಾನೆ 2000ದ ದಶಕದ ಮೊದಲ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ಯಂತ್ರ ಮಾಡುವವರಿಗೂ ಕಾಲ ವಿನಾಯಿತಿ ಕೊಡುವುದಿಲ್ಲ. ನಿನ್ನೆ ಗೆದ್ದ ಉತ್ಪನ್ನ ನಾಳೆಗೆ ಸಾಲುವುದಿಲ್ಲ.

ಬೆಳಗಾವಿ ಮಾತ್ರ ಎರಕದ ವಿದ್ಯೆಯನ್ನು ಕೈಬಿಡಲಿಲ್ಲ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಇಂದು ಪಂಪು, ವಾಲ್ವು, ವಾಹನಗಳ ಭಾಗಗಳು ಅಚ್ಚಿಗೆ ಇಳಿಯುತ್ತವೆ. ಹತ್ತಿರದ ಹತ್ತರಗಿಯಲ್ಲಿ 2009ರಲ್ಲಿ ಆರಂಭವಾದ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇಲ್ಲಿಯೇ ಇದೆ. ಆದರೆ ಇನ್ನೊಬ್ಬರು ಕಳಿಸಿದ ನಕ್ಷೆಯಂತೆ ಭಾಗಗಳನ್ನು ಮಾಡಿ ಕೊಡುವುದು ಬೇರೆ. ತನ್ನದೇ ನಕ್ಷೆಯ ಪೂರ್ಣ ವಸ್ತುವನ್ನು ಮಾರುಕಟ್ಟೆಗೆ ಇಳಿಸುವುದು ಬೇರೆ. ಮೊದಲನೆಯದರಲ್ಲಿ ಶಿಸ್ತು ಸಾಕು. ಎರಡನೆಯದರಲ್ಲಿ ಕೊಳ್ಳುವವನ ಬದುಕನ್ನು ಅರಿಯಬೇಕು, ಮಾರಾಟವಾಗದ ವರ್ಷಗಳನ್ನು ತಾಳಿಕೊಳ್ಳಬೇಕು. ಆ ತಾಳ್ಮೆಗೆ ನೆಲ, ಸಾಲ, ನಂಬಿಕೆಯ ಆಸರೆಯನ್ನು ಸಮಾಜ ಕೊಡಬೇಕು. ನೂರು ವರ್ಷಗಳ ಹಿಂದೆ ಅದನ್ನು ಕೊಟ್ಟದ್ದು ಒಂದು ಪುಟ್ಟ ಸಂಸ್ಥಾನ. ಕೊಡಲಾರದೆ ಹೋದದ್ದು ಒಂದು ದೊಡ್ಡ ಊರು. ಹೊಸದೊಂದನ್ನು ಮಾಡಿ ತಂದ ಇಂದಿನ ತರುಣನಿಗೆ ನಮ್ಮ ಊರುಗಳು ಎಷ್ಟು ಕಾಲ ಕಾಯಲು ಸಿದ್ಧವಿವೆ ಎಂಬುದೇ ಈಗಿನ ಪ್ರಶ್ನೆ.