ರಕ್ತರೋಗಗಳೂ ದೂರವೈದ್ಯವೂ: ರಾಂಪುರದ ಕಡೆಯಿಂದ ಒಂದು ಅವಲೋಕನ

ದೂರವೈದ್ಯದ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಉಪಗ್ರಹದಿಂದ ಆರಂಭಿಸಿ ತಜ್ಞರ ಕೊಠಡಿಯಲ್ಲಿ ಮುಗಿಸುತ್ತಾರೆ. ನಾವು ಅದನ್ನು ಮತ್ತೊಂದು ತುದಿಯಿಂದ, ಎಂದರೆ ಚಿತ್ರದುರ್ಗ–ಬಳ್ಳಾರಿ ಹೆದ್ದಾರಿಯಲ್ಲಿರುವ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಂತಹ ಊರಿನಿಂದ, ನೋಡಬಯಸುತ್ತೇವೆ. ರಕ್ತರೋಗಗಳ ಮಟ್ಟಿಗೆ ಈ ತುದಿಯೇ ನಿರ್ಣಾಯಕವೆಂಬುದು ನಮ್ಮ ಅಭಿಪ್ರಾಯ.

ಕರ್ನಾಟಕಕ್ಕೆ ಈ ಪದ್ಧತಿಯು ಹೃದ್ರೋಗದ ನಿಮಿತ್ತವಾಗಿ ಬಂದಿತು. 2002ರಲ್ಲಿ ಇಸ್ರೋ ಸಂಸ್ಥೆಯು ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಉಪಗ್ರಹದ ಮೂಲಕ ಜೋಡಿಸಿತು. ಈ ಎರಡೂ ಊರುಗಳು ಕುಡುಗೋಲು ಕಣ ರಕ್ತಹೀನತೆಯಿರುವ ಕಾಡಂಚಿನ ಸೀಮೆಗೆ ಸೇರಿದವು. ಪಕ್ಕದ ನೀಲಗಿರಿಯ ಗಿರಿಜನರಲ್ಲಿ ಆ ಲಕ್ಷಣವನ್ನು ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು 1952ರಲ್ಲಿಯೇ ಗುರುತಿಸಿದ್ದರು. ಆದರೂ ಮೊದಲು ಸಾಗಿದ್ದು ಹೃದಯದ ವಾರ್ತೆ. ಕಾರಣ ಸ್ಪಷ್ಟವಾಗಿದೆ: ಇ.ಸಿ.ಜಿ.ಯ ಗೆರೆ ಆಕಾಶಮಾರ್ಗದಲ್ಲಿ ಸಾಗಬಲ್ಲದು, ರಕ್ತ ಸಾಗಲಾರದು. ಹೆಪ್ಪುಗಟ್ಟುವಿಕೆಯ ಒಂದು ಮುಖ್ಯ ಪರೀಕ್ಷೆಗೆ ತೆಗೆದ ರಕ್ತವು ಸುಮಾರು 4 ಗಂಟೆಗಳೊಳಗೆ ಪ್ರಯೋಗಶಾಲೆಯನ್ನು ಮುಟ್ಟಬೇಕು.

ಕುಸುಮರೋಗವೆನಿಸಿದ ಹಿಮೊಫಿಲಿಯದಲ್ಲಿ ಈ ತೊಡಕು ಇನ್ನೂ ತೀವ್ರವಾಗಿ ಕಾಣುತ್ತದೆ. ರಾಂಪುರದ ಸೀಮೆಯ ಬಾಲಕನೊಬ್ಬನ ಮೊಣಕಾಲು ನಡುರಾತ್ರಿ ಊದಿಕೊಂಡಿತೆಂದು ಭಾವಿಸೋಣ. ದೂರದ ವೈದ್ಯರು ಪರದೆಯ ಮೇಲೆ ಎರಡೂ ಕಾಲುಗಳನ್ನು ಹೋಲಿಸಿ ನೋಡಬಲ್ಲರು. ಔಷಧದ ಪ್ರಮಾಣವನ್ನೂ ನಿಮಿಷದೊಳಗೆ ಹೇಳಬಲ್ಲರು. ಕಿಲೋ ತೂಕಕ್ಕೆ 1 ಯೂನಿಟ್‌ನಂತೆ ಕೊಟ್ಟ ಎಂಟನೆಯ ಅಂಶವು ರಕ್ತದಲ್ಲಿ ಅದರ ಮಟ್ಟವನ್ನು ಶೇ. 2ರಷ್ಟು ಏರಿಸುವುದರಿಂದ, 50 ಕಿಲೋ ತೂಕದವನಿಗೆ ಶೇ. 40ರಷ್ಟು ಏರಿಸಲು 1,000 ಯೂನಿಟ್ ಬೇಕು. ಲೆಕ್ಕವೇನೋ ಸುಲಭ. ಸೀಸೆ ಎಲ್ಲಿದೆ? ಅದು 2ರಿಂದ 8 ಡಿಗ್ರಿಯ ಶೈತ್ಯದಲ್ಲಿ ಸಮೀಪದಲ್ಲಿಯೇ ಇರಬೇಕು, ರಕ್ತನಾಳಕ್ಕೆ ಕೊಡಬಲ್ಲ ಕೈಯೂ ಅಲ್ಲಿರಬೇಕು. ತಡವಾದಷ್ಟೂ ಕೀಲು ಸವೆಯುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಹುಡುಗ ಕುಂಟನಾಗುತ್ತಾನೆ.

1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ದಾವಣಗೆರೆಯಲ್ಲಿ, ಸ್ವತಃ ಈ ರೋಗವುಳ್ಳ ವೈದ್ಯರಾದ ಡಾ. ಸುರೇಶ್ ಹನಗವಾಡಿಯವರು ಕರ್ನಾಟಕ ಹಿಮೊಫಿಲಿಯ ಸೊಸೈಟಿಯನ್ನು ಕಟ್ಟಿ ಬೆಳೆಸಿದುದು ನಮ್ಮ ಸೀಮೆಯ ವೈದ್ಯಚರಿತ್ರೆಯಲ್ಲಿ ಉಪಗ್ರಹದ ಜೋಡಣೆಗಿಂತ ಕಡಿಮೆಯ ಘಟನೆಯಲ್ಲ. ಅನುಭವವುಳ್ಳ ಕೇಂದ್ರವೊಂದು ಇಲ್ಲದಿದ್ದರೆ ದೂರವಾಣಿಯಲ್ಲಿ ಕೇಳುವುದಾದರೂ ಯಾರನ್ನು?

2020ರ ಮಾರ್ಚ್ 25ರ ಮಾರ್ಗಸೂಚಿಯು ದೂರವೈದ್ಯಕ್ಕೆ ಸ್ಪಷ್ಟವಾದ ನಿಯಮಗಳನ್ನು ಒದಗಿಸಿತು. ಮರುತಿಂಗಳು ಇ-ಸಂಜೀವನಿಯ ಮೂಲಕ ರೋಗಿಗಳು ಮನೆಯಿಂದಲೇ ವೈದ್ಯರನ್ನು ಕಾಣುವಂತಾಯಿತು. ಬಳ್ಳಾರಿಗೋ ದಾವಣಗೆರೆಗೋ ಕೂಲಿ ಬಿಟ್ಟು ಹೋಗುವ ಕೆಲವು ಪ್ರಯಾಣಗಳನ್ನು ಇದು ಉಳಿಸಬಲ್ಲದು. ಹಳೆಯ ರೋಗಿಯ ವಿಚಾರಣೆ, ಕೀಲಿನ ವ್ಯಾಯಾಮ, ಹೈಡ್ರಾಕ್ಸಿಯೂರಿಯ ಸೇವಿಸುವವರ ರಕ್ತಕಣಗಳ ಎಣಿಕೆಯನ್ನು ಪರಿಶೀಲಿಸುವುದು, ಇವೆಲ್ಲ ಪರದೆಯಲ್ಲಿ ಸಾಧ್ಯ. ರಕ್ತಸ್ರಾವದ ರಾತ್ರಿಯ ಮಾತು ಬೇರೆ.

2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಮಿಸಿಜುಮ್ಯಾಬ್ ಎಂಬ ಔಷಧವನ್ನು ಚರ್ಮದಡಿ ಚುಚ್ಚಿದರೆ ಸಾಕು. ವಾರಕ್ಕೊಮ್ಮೆ, ಕೆಲವರಿಗೆ ತಿಂಗಳಿಗೊಮ್ಮೆ. ರಾಂಪುರದಂತಹ ಊರಿಗೆ ದೂರವೈದ್ಯವು ಒದಗುವುದು ಇಂತಹ ಔಷಧದೊಡನೆಯೇ ಎಂದು ನಮಗೆ ತೋರುತ್ತದೆ. ಸದ್ಯಕ್ಕೆ ಅಡ್ಡವಾಗಿರುವುದು ಅದರ ಬೆಲೆ.