ವಯಸ್ಸಾದವರಿಗೆ ಸ್ಟ್ರೋಕ್ ಆದರೆ ಮಿದುಳು ಚೇತರಿಸಿಕೊಳ್ಳುವುದೇ ಇಲ್ಲವೇ?

ಸ್ಟ್ರೋಕ್ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. "60 ದಾಟಿದ ಮೇಲೆ ಲಕ್ವ ಹೊಡೆದರೆ ಅಲ್ಲಿಗೆ ಮುಗಿಯಿತು, ಹೋದ ಕೈಕಾಲು ಮತ್ತೆ ಬರುವುದಿಲ್ಲ" ಎನ್ನುವುದು ಒಂದು ಬಗೆ. "ಈ ಎಲೆಯ ರಸ ಕುಡಿದರೆ ಸತ್ತ ನರಗಳು ಮತ್ತೆ ಹುಟ್ಟುತ್ತವೆ" ಎನ್ನುವುದು ಇನ್ನೊಂದು ಬಗೆ. ಮೊದಲನೆಯದನ್ನು ನಂಬಿದ ಮನೆಯವರು ವ್ಯಾಯಾಮ ಮಾಡಿಸುವುದನ್ನು ಬಿಡುತ್ತಾರೆ. ಎರಡನೆಯದನ್ನು ನಂಬಿದವರು ಆಸ್ಪತ್ರೆಯ ಮಾತ್ರೆ ಬಿಡಿಸುತ್ತಾರೆ. ಎರಡರಲ್ಲೂ ನಷ್ಟವಾಗುವುದು ಹಾಸಿಗೆ ಹಿಡಿದವರಿಗೆ.

ನಿಜ ಏನು ಎಂದು ನೋಡೋಣ.

ಚಿಕ್ಕ ಉತ್ತರ

ಸ್ಟ್ರೋಕ್‌ನಲ್ಲಿ ಸತ್ತ ಮಿದುಳಿನ ಭಾಗ ಮತ್ತೆ ಬೆಳೆಯುವುದಿಲ್ಲ. ಆದರೆ ಉಳಿದ ಭಾಗ ಹೊಸ ಸಂಪರ್ಕಗಳನ್ನು ಕಟ್ಟಿಕೊಂಡು, ಹೋದ ಕೆಲಸವನ್ನು ಸ್ವಲ್ಪವಾದರೂ ವಹಿಸಿಕೊಳ್ಳಬಲ್ಲದು. ವಯಸ್ಸಾದ ಮಿದುಳಿಗೂ ಈ ಶಕ್ತಿ ಇದೆ, ನಿಧಾನ ಅಷ್ಟೆ. ಈ ಶಕ್ತಿ ಕೆಲಸಕ್ಕೆ ಬರುವುದು ಅಭ್ಯಾಸದಿಂದ.

ಸ್ಟ್ರೋಕ್ ಆದಾಗ ಒಳಗೆ ಏನಾಗುತ್ತದೆ?

ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಅದೇ ಸ್ಟ್ರೋಕ್. ದೊಡ್ಡ ರಕ್ತನಾಳ ಕಟ್ಟಿಕೊಂಡು ಚಿಕಿತ್ಸೆ ಸಿಗದಿದ್ದರೆ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಲಾಗಿದೆ.

ಆದರೆ ಎಲ್ಲ ಕೋಶಗಳೂ ಒಮ್ಮೆಲೇ ಸಾಯುವುದಿಲ್ಲ. ಪೂರ್ತಿ ಹಾಳಾದ ಭಾಗದ ಸುತ್ತ, ಅರೆಜೀವವಾಗಿರುವ ಒಂದು ವಲಯ ಇರುತ್ತದೆ. ಬೇಗ ರಕ್ತ ಹರಿದರೆ ಅದು ಬದುಕುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎನ್ನುವುದು ಇದಕ್ಕೇ. ಆಯ್ದ ಕೆಲವು ರೋಗಿಗಳಲ್ಲಿ 24 ಗಂಟೆಯವರೆಗೂ ನಳಿಕೆ ಹಾಕಿ ಹೆಪ್ಪನ್ನು ಹೊರತೆಗೆಯಬಹುದು. ಮುಂದೆ ಎಷ್ಟು ಚೇತರಿಕೆ ಆಗುತ್ತದೆ ಎನ್ನುವುದು, ಈ ಮೊದಲ ಗಂಟೆಗಳಲ್ಲಿ ಎಷ್ಟು ಮಿದುಳು ಉಳಿಯಿತು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಸತ್ತ ನರಕೋಶ ಮತ್ತೆ ಹುಟ್ಟುತ್ತದೆಯೇ?

ಬೆಳೆದ ಮನುಷ್ಯನ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುತ್ತದೆಯೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದ ಬಗ್ಗೆ 2018ರಲ್ಲಿ ಒಂದು ತಂಡ, ದೊಡ್ಡವರಲ್ಲಿ ಹೊಸ ಕೋಶಗಳು ಕಾಣುತ್ತಿಲ್ಲ ಎಂದಿತು. ಅದೇ ವರ್ಷ ಇನ್ನೊಂದು ತಂಡ, 70 ದಾಟಿದವರಲ್ಲೂ ಕಾಣುತ್ತಿವೆ ಎಂದಿತು. ಯಾರು ಸರಿಯಾದರೂ ನಮ್ಮ ಪ್ರಶ್ನೆಗೆ ಉತ್ತರ ಬದಲಾಗುವುದಿಲ್ಲ. ಸ್ಟ್ರೋಕ್‌ನಿಂದ ಆದ ಹಾನಿಯನ್ನು ತುಂಬುವಷ್ಟು ಕೋಶಗಳು ಹುಟ್ಟುವುದಿಲ್ಲ. ಹುಟ್ಟಿಸುವ ಎಲೆ, ಎಣ್ಣೆ, ಮಾತ್ರೆ ಯಾವುದೂ ಇಲ್ಲ.

ಹಾಗಾದರೆ ದುರಸ್ತಿ ಹೇಗೆ?

ಊರಿನ ಸೇತುವೆ ಕುಸಿದಿದೆ ಎಂದುಕೊಳ್ಳಿ. ಸೇತುವೆ ಮತ್ತೆ ಕಟ್ಟಲಾಗದು. ಜನ ಗದ್ದೆ ಬದುವಿನ ಮೇಲೆ ಸುತ್ತಿ ಬಳಸಿ ಹೋಗತೊಡಗುತ್ತಾರೆ. ದಿನಾ ನಡೆದರೆ ಬದು ಕಾಲುದಾರಿಯಾಗುತ್ತದೆ, ನಡೆಯದಿದ್ದರೆ ಹುಲ್ಲು ಬೆಳೆಯುತ್ತದೆ. ಮಿದುಳಿನಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಬದುಕುಳಿದ ನರಕೋಶಗಳು ಹೊಸ ಕವಲು ಚಾಚುತ್ತವೆ, ಮೊದಲು ಅಷ್ಟಾಗಿ ಬಳಕೆಯಲ್ಲಿಲ್ಲದ ಸಂಪರ್ಕಗಳು ಬಲವಾಗುತ್ತವೆ, ಪಕ್ಕದ ಭಾಗಗಳು ಹೊಸ ಕೆಲಸ ಕಲಿಯುತ್ತವೆ.

1996ರಲ್ಲಿ ರ‍್ಯಾಂಡಾಲ್ಫ್ ನೂಡೊ ಮತ್ತು ಸಂಗಡಿಗರು ಅಳಿಲು ಕೋತಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ತೋರಿಸಿತು. ಕೈ ಚಲನೆಯ ಭಾಗಕ್ಕೆ ಚಿಕ್ಕ ಹಾನಿಯಾದಾಗ, ಅಭ್ಯಾಸವಿಲ್ಲದ ಕೋತಿಗಳ ಮಿದುಳಿನಲ್ಲಿ ಕೈಗೆ ಮೀಸಲಾದ ಜಾಗ ಇನ್ನಷ್ಟು ಕುಗ್ಗಿತ್ತು. ಆ ಕೈಯಿಂದಲೇ ತಿಂಡಿ ಎತ್ತಿಕೊಳ್ಳುವ ಅಭ್ಯಾಸ ಮಾಡಿಸಿದ ಕೋತಿಗಳಲ್ಲಿ ಅದು ಉಳಿದುಕೊಂಡಿತು, ಕೆಲವುಗಳಲ್ಲಿ ಹಿಗ್ಗಿತು ಕೂಡ.

65ರ ಪ್ರಾಧ್ಯಾಪಕರ ಕಥೆ

ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದ ಪೆದ್ರೋ ಬಾಕ್-ಇ-ರೀತಾ ಅವರಿಗೆ 1950ರ ದಶಕದ ಕೊನೆಯಲ್ಲಿ, 65ನೇ ವಯಸ್ಸಿನಲ್ಲಿ ದೊಡ್ಡ ಸ್ಟ್ರೋಕ್ ಆಯಿತು. ಮಾತು, ನಡಿಗೆ ಎರಡೂ ಹೋದವು. ವೈದ್ಯಕೀಯ ಓದುತ್ತಿದ್ದ ಮಗ ಜಾರ್ಜ್, ತಂದೆಗೆ ಮಗುವಿನಂತೆ ಮೊದಲು ಅಂಬೆಗಾಲು ಇಡುವುದನ್ನು ಕಲಿಸಿದ. ಆಮೇಲೆ ನೆಲದಲ್ಲಿ ಬಿದ್ದ ಗೋಲಿ, ನಾಣ್ಯ ಹೆಕ್ಕಿಸುವುದು, ಪಾತ್ರೆ ತೊಳೆಸುವುದು, ನಿಧಾನಕ್ಕೆ ಎದ್ದು ನಿಲ್ಲಿಸುವುದು. ತಿಂಗಳುಗಟ್ಟಲೆ ನಡೆದ ಈ ಅಭ್ಯಾಸದ ನಂತರ ಪೆದ್ರೋ ಮತ್ತೆ ಪಾಠಕ್ಕೆ ಹೋದರು.

ಕೆಲವು ವರ್ಷಗಳ ಮೇಲೆ, 72ನೇ ವಯಸ್ಸಿನಲ್ಲಿ, ಬೆಟ್ಟ ಹತ್ತುವಾಗ ಹೃದಯಾಘಾತವಾಗಿ ತೀರಿಕೊಂಡರು. ಮಿದುಳನ್ನು ಪರೀಕ್ಷಿಸಿದಾಗ ಸ್ಟ್ರೋಕ್‌ನ ಭಾರಿ ಹಾನಿ ಹಾಗೆಯೇ ಇತ್ತು. ಗಾಯ ವಾಸಿಯಾಗಿರಲಿಲ್ಲ, ಉಳಿದ ಮಿದುಳು ದಾರಿ ಕಂಡುಕೊಂಡಿತ್ತು. ಅವರ ಇನ್ನೊಬ್ಬ ಮಗ ಪಾಲ್ ಮುಂದೆ ಇದೇ ವಿಷಯದ ಹೆಸರಾಂತ ಸಂಶೋಧಕರಾದರು.

ಎಲ್ಲರಿಗೂ ಇಷ್ಟು ಚೇತರಿಕೆ ಆಗುವುದಿಲ್ಲ. ಹಾನಿ ಎಲ್ಲಿ, ಎಷ್ಟು ಎಂಬುದು ದೊಡ್ಡ ಮಾತು. ಆದರೆ 'ವಯಸ್ಸಾಯಿತು' ಎಂಬ ಒಂದೇ ಕಾರಣಕ್ಕೆ ಕೈಬಿಡುವುದು ತಪ್ಪು ಎಂದು ಈ ಕಥೆ ಹೇಳುತ್ತದೆ.

ವಯಸ್ಸು ಅಡ್ಡಿಯೇ ಅಲ್ಲವೇ?

ಅಡ್ಡಿ ಹೌದು. ವಯಸ್ಸಾದಂತೆ ರಕ್ತನಾಳ ಗಡುಸಾಗುತ್ತದೆ, ನರಗಳ ಹೊಸ ಕವಲು ಚಿಗುರುವುದು ನಿಧಾನವಾಗುತ್ತದೆ. ಬಿಪಿ, ಶುಗರ್, ಮಂಡಿ ನೋವು ಜೊತೆಗಿದ್ದರೆ ಅಭ್ಯಾಸವೂ ಕಷ್ಟ. ಹಾಗಾಗಿ ಹಿರಿಯರಿಗೆ ಹೆಚ್ಚು ಸಮಯ, ಹೆಚ್ಚು ತಾಳ್ಮೆ ಬೇಕು.

"ಮೂರು ತಿಂಗಳಾದ ಮೇಲೆ ಏನೂ ಆಗುವುದಿಲ್ಲ" ನಿಜವೇ?

ಪೂರ್ತಿ ನಿಜವಲ್ಲ. ಅತಿ ವೇಗದ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಆಗುತ್ತದೆ. ಆ ಸಮಯವನ್ನು ಹಾಳು ಮಾಡಬಾರದು. ಆದರೆ ಬಾಗಿಲು ಅಲ್ಲಿಗೆ ಮುಚ್ಚುವುದಿಲ್ಲ.

ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿದ್ದ 222 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ, ಚೆನ್ನಾಗಿರುವ ಕೈಗೆ ಗವಸು ಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ಎರಡು ವಾರಗಳ ಕಠಿಣ ತರಬೇತಿ ಕೊಟ್ಟರು. ಉಳಿದವರಿಗಿಂತ ಇವರ ಕೈ ಚೆನ್ನಾಗಿ ಸುಧಾರಿಸಿತು, ವರ್ಷದ ನಂತರವೂ ಲಾಭ ಉಳಿದಿತ್ತು. ಆದರೆ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಆಡುತ್ತಿದ್ದವರಿಗೆ ಮಾತ್ರ ಈ ವಿಧಾನ ಪ್ರಯತ್ನಿಸಿದ್ದು ಎಂಬುದನ್ನು ಗಮನಿಸಿ.

ಅಭ್ಯಾಸ ಎಷ್ಟು ಸಲ ಎನ್ನುವುದೂ ಮುಖ್ಯ. ಪ್ರಾಣಿಗಳ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ ಅಭ್ಯಾಸ ಮಾಡಿಸುತ್ತಾರೆ. ಅಮೆರಿಕ ಮತ್ತು ಕೆನಡಾದ ಫಿಸಿಯೋಥೆರಪಿ ಅವಧಿಗಳನ್ನು ಗಮನಿಸಿದ 2009ರ ಅಧ್ಯಯನದಲ್ಲಿ, ಕೈಯ ಉಪಯುಕ್ತ ಚಲನೆ ನಡೆದದ್ದು ಸರಾಸರಿ 32 ಸಲ ಮಾತ್ರ. ಉಳಿದದ್ದು ಮನೆಯಲ್ಲೇ ಆಗಬೇಕು.

ನಾಟಿ ಮದ್ದಿನಿಂದ ವಾಸಿಯಾದವರು ಇದ್ದಾರಲ್ಲ?

ಇದಕ್ಕೆ ಎರಡು ಕಾರಣಗಳಿವೆ. ಒಂದು, ಸ್ಟ್ರೋಕ್ ಆದ ಮೊದಲ ವಾರಗಳಲ್ಲಿ ಮಿದುಳಿನ ಊತ ಇಳಿದು, ಸ್ತಬ್ಧವಾಗಿದ್ದ ಭಾಗಗಳು ತಾವಾಗಿಯೇ ಕೆಲಸ ಶುರು ಮಾಡುತ್ತವೆ. ಆಗ ಪಾರಿವಾಳದ ರಕ್ತ ಹಚ್ಚಿದ್ದರೆ ಕೀರ್ತಿ ಅದಕ್ಕೆ, ಎಣ್ಣೆ ಹಚ್ಚಿದ್ದರೆ ಕೀರ್ತಿ ಎಣ್ಣೆಗೆ.

ಎರಡು, ಮುಖ ಮಾತ್ರ ಸೊಟ್ಟಗಾಗುವ ಬೆಲ್ಸ್ ಪಾಲ್ಸಿ ಎಂಬ ಬೇರೆಯೇ ತೊಂದರೆ ಇದೆ. ಅದು ಮುಖದ ನರದ ಸಮಸ್ಯೆ, ಮಿದುಳಿನದ್ದಲ್ಲ. ಚಿಕಿತ್ಸೆ ಇಲ್ಲದೆಯೂ ಸುಮಾರು 70% ಜನರಲ್ಲಿ ಪೂರ್ತಿ ವಾಸಿಯಾಗುತ್ತದೆ. ಜನ ಅದನ್ನೂ 'ಲಕ್ವ' ಎನ್ನುತ್ತಾರೆ. ಯಾವುದು ಯಾವುದು ಎಂದು ಮನೆಯಲ್ಲಿ ನಿರ್ಧರಿಸಬೇಡಿ, ಮುಖ ಸೊಟ್ಟಗಾದರೆ ಮೊದಲು ಆಸ್ಪತ್ರೆಗೆ ಹೋಗಿ.

ಇಂಗ್ಲಿಷ್ ಮಾತ್ರೆಗಳಿಗೂ ಇದೇ ಪರೀಕ್ಷೆ ಅನ್ವಯ. ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಔಷಧಿ ಸ್ಟ್ರೋಕ್ ಚೇತರಿಕೆಗೆ ಸಹಾಯ ಮಾಡಬಹುದೆಂಬ ನಿರೀಕ್ಷೆ ಇತ್ತು. ಬ್ರಿಟನ್ನಿನಲ್ಲಿ 3,127 ರೋಗಿಗಳ ಮೇಲೆ ಪರೀಕ್ಷಿಸಿದಾಗ ಕೈಕಾಲು ಸುಧಾರಿಸಲಿಲ್ಲ, ಮೂಳೆ ಮುರಿತ ಹೆಚ್ಚಾಯಿತು. ಆದರೆ ಖಿನ್ನತೆಗಾಗಿ ವೈದ್ಯರು ಕೊಟ್ಟಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ.

ಮನೆಯವರು ಏನು ಮಾಡಬಹುದು?

* ಯಾವಾಗ, ಎಷ್ಟು ಅಭ್ಯಾಸ ಎಂದು ವೈದ್ಯರು, ಫಿಸಿಯೋಥೆರಪಿಸ್ಟ್ ಹೇಳಲಿ. ಮೊದಲ 24 ಗಂಟೆಯೊಳಗೇ ಅತಿಯಾಗಿ ಎಬ್ಬಿಸಿ ನಡೆಸಿದರೆ ತೊಂದರೆಯೇ ಹೆಚ್ಚು ಎಂದು 2015ರ ದೊಡ್ಡ ಅಧ್ಯಯನ ತೋರಿಸಿದೆ.
* ನಂತರದ ದಿನಗಳಲ್ಲಿ ಸೋತ ಕೈಗೆ ಕೆಲಸ ಕೊಡಿ. ಬಟನ್ ಹಾಕುವುದು, ಬೆಳ್ಳುಳ್ಳಿ ಸುಲಿಯುವುದು, ಲೋಟ ಎತ್ತುವುದು ಎಲ್ಲವೂ ಅಭ್ಯಾಸವೇ. ಪ್ರೀತಿಯಿಂದ ಎಲ್ಲವನ್ನೂ ನೀವೇ ಮಾಡಿಕೊಟ್ಟರೆ ಆ ಕೈ ಮರೆತುಹೋಗುತ್ತದೆ.
* ಮಾತು ಹೋಗಿದ್ದರೆ ಅವರೊಂದಿಗೆ ಮಾತಾಡುವುದನ್ನು ನಿಲ್ಲಿಸಬೇಡಿ. ನಿಧಾನವಾಗಿ, ಚಿಕ್ಕ ವಾಕ್ಯದಲ್ಲಿ ಮಾತಾಡಿ, ಉತ್ತರಕ್ಕೆ ಕಾಯಿರಿ. ಸ್ಪೀಚ್ ಥೆರಪಿ ಕೊಡಿಸಿ.
* ಬಿಪಿ, ಶುಗರ್, ರಕ್ತ ತೆಳುವಾಗಿಸುವ ಮಾತ್ರೆ ತಪ್ಪಿಸಬೇಡಿ. ಎರಡನೇ ಸ್ಟ್ರೋಕ್ ಬಂದರೆ ಕಟ್ಟಿಕೊಂಡ ಹೊಸ ದಾರಿಯೂ ಹೋಗಬಹುದು.
* ಸದಾ ಅಳು, ನಿರಾಸಕ್ತಿ ಕಂಡರೆ "ಹಟ" ಎನ್ನಬೇಡಿ. ಸ್ಟ್ರೋಕ್ ನಂತರ ಖಿನ್ನತೆ ಸಾಮಾನ್ಯ, ಅದಕ್ಕೆ ಚಿಕಿತ್ಸೆ ಇದೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಮುಖ ಒಂದು ಕಡೆ ಜಾರಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ ಎಂಬ ಸಂದೇಶ ಸುಳ್ಳು, ಅದರಿಂದ ಹೋಗುವುದು ಸಮಯ ಮಾತ್ರ. ಲಕ್ಷಣ ಎಷ್ಟು ಗಂಟೆಗೆ ಶುರುವಾಯಿತು ಎಂದು ಬರೆದಿಟ್ಟುಕೊಂಡು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ, ಆ ಸಮಯವನ್ನು ವೈದ್ಯರಿಗೆ ಹೇಳಿ.